ನಕ್ಷತ್ರ ಕೇಳದೆ ಹೋದ ಮನುಷ್ಯ

ಆ ಬೇಸಿಗೆಯಲ್ಲಿ ನಾನು ಕೂತ ಕಡೆ ಕೂರುತ್ತಿರಲಿಲ್ಲ. ಜಯನಗರದ ನಮ್ಮ ಮನೆಗೆ ಆಗಿನ್ನೂ ಕಾಂಪೌಂಡು ಎದ್ದಿರಲಿಲ್ಲ. ಮುಂದೆ ಒಂದು ಖಾಲಿ ಸೈಟು, ಅದರಾಚೆ ಇನ್ನೊಂದು ಖಾಲಿ ಸೈಟು, ಲಂಟಾನ ಪೊದೆ, ಪೊದೆಯಾಚೆ ಯಡಿಯೂರಿನವರ ಎಮ್ಮೆಗಳು. ಅಷ್ಟು ದೂರದಿಂದಲೇ ಪೋಸ್ಟ್‌ಮನ್ ಸೈಕಲ್ಲು ಕಾಣುತ್ತಿತ್ತು. ಕಂಡ ಕೂಡಲೇ ಒಳಗೆ ಹೋಗಿಬಿಡುತ್ತಿದ್ದೆ. ಕಾಯ್ತಾ ಇದ್ದೀನಿ ಅಂತ ಅವನಿಗೆ ಗೊತ್ತಾಗಬಾರದಲ್ಲ! ಒಳಗೆ ಹೋಗಿ ಕಿಟಕಿಯಿಂದ ನೋಡುತ್ತಿದ್ದೆ. ಅವನು ಪಕ್ಕದ ಮನೆ ಮಾಮಿಗೆ ಏನೋ ಕೊಟ್ಟು, ನಮ್ಮ ಕಡೆ ತಿರುಗಿಯೂ ನೋಡದೆ ಹೋಗುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. "ಕಾಲಿಗೆ ಚಕ್ರ ಕಟ್ಕೊಂಡಿದ್ದೀಯೇನೇ? ಒಂದು ಕಡೆ ಕೂತ್ಕೊಬಾರ್ದಾ?" ಅಂತ ಅಮ್ಮ ಅಡುಗೆಮನೆಯಿಂದಲೇ ಗದರುತ್ತಿದ್ದಳು.

ಎಲ್ಲಿ ಕೂರುವುದು? ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದ್ದೆ. ಸರ್ಕಾರಿ ಕಾಲೇಜಿನ ಲೆಕ್ಚರರ್ ಕೆಲಸಕ್ಕೆ ಇಂಟರ್‌ವ್ಯೂ ಆಗಿತ್ತು, ಆಯ್ಕೆಯೂ ಆಗಿತ್ತು. ಬರಬೇಕಾದದ್ದು ಆರ್ಡರ್ ಒಂದೇ. ಅದು ಶ್ರಾವಣದೊಳಗೆ ಬರದಿದ್ದರೆ ಹಾಸನದ ಕಡೆಯ ಒಬ್ಬ ಓವರ್‌ಸಿಯರನ್ನು ಮದುವೆಯಾಗತಕ್ಕದ್ದು ಅಂತ ಅಮ್ಮನ ತೀರ್ಮಾನ. ಹುಡುಗ ಒಳ್ಳೆಯವನಂತೆ. ಇರಬಹುದು, ನಾನು ಇಲ್ಲ ಅನ್ನಲಿಲ್ಲ. ಆದರೆ ಆ ಮನೆಯವರು ಮೊದಲೇ ಹೇಳಿ ಕಳಿಸಿದ್ದರು, ಹುಡುಗಿ ಕೆಲಸಕ್ಕೆ ಹೋಗಬಾರದು ಅಂತ. ಓದಿದ್ದೆಲ್ಲ ಹಾಸನದ ಒಲೆ ಮುಂದೆ ಕೂತು ಮರೆಯಬೇಕಾ?

ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ ಆರ್ಡರ್ ಯಾಕೆ ತಡ ಅಂತ ಗೊತ್ತಿತ್ತು. "ಪೊಲೀಸ್ ವೆರಿಫಿಕೇಷನ್ ಆಗ್ಬೇಕಮ್ಮ. ನಡತೆ ಹೇಗೆ, ಯಾರ ಜೊತೆ ಸೇರ್ತೀಯ, ಕೆಂಪು ಬಾವುಟದವರ ಸಹವಾಸ ಇದೆಯಾ, ಎಲ್ಲಾ ನೋಡ್ತಾರೆ. ಅದಾಗದೆ ಮೇಷ್ಟ್ರ ಕೆಲಸ ಕೊಡಲ್ಲ," ಅಂದರು. ಅಂದವರು ಧ್ವನಿ ತಗ್ಗಿಸಿ, "ಆ ಭಾಷಣ ಒಂದು ನೀನು ಮಾಡಬಾರದಾಗಿತ್ತು," ಅಂದರು.

ಆ ಭಾಷಣದ ಕಥೆಯನ್ನು ಹೇಳಲೇಬೇಕು.

ನಾವು ಎಂ.ಎ. ಎರಡನೇ ವರ್ಷದಲ್ಲಿದ್ದಾಗ ಅಮೆರಿಕದಿಂದ ಒಬ್ಬ ಪ್ರೊಫೆಸರ್ ಬಂದಿದ್ದರು. ಒಂದು ವರ್ಷ ಇದ್ದು ಪಾಠ ಮಾಡಿ ಹೋಗುವವರು. ಆರಡಿ ಮನುಷ್ಯ. ಪಾಠ ಮಾಡುತ್ತ ಮಾಡುತ್ತ ಕುತ್ತಿಗೆ ಒರೆಸಿಕೊಳ್ಳುವುದು, ಕರವಸ್ತ್ರ ಮೇಜಿನ ಮೇಲೆ ಒಣಗಲು ಹರಡುವುದು. ನಮಗೆ ನಗು ತಡೆಯಲಾಗುತ್ತಿರಲಿಲ್ಲ. ಆದರೆ ಅವರು ತಮ್ಮ ದೇಶದ ಯೂನಿವರ್ಸಿಟಿಗಳ ಕಥೆ ಹೇಳತೊಡಗಿದರೆ ನಗು ನಿಂತುಹೋಗುತ್ತಿತ್ತು. ಅಲ್ಲಿ ಕೆಲವು ರಾಜ್ಯಗಳಲ್ಲಿ ಪ್ರೊಫೆಸರುಗಳು ನಾನು ಕಮ್ಯುನಿಸ್ಟನಲ್ಲ, ಸರ್ಕಾರ ಉರುಳಿಸುವವರ ಕಡೆಯವನಲ್ಲ ಅಂತ ಪ್ರಮಾಣ ಮಾಡಿ ಸಹಿ ಹಾಕಬೇಕಂತೆ. ಹಾಕದವರನ್ನು ಮನೆಗೆ ಕಳಿಸಿದರಂತೆ, ಇಪ್ಪತ್ತು ವರ್ಷ ಪಾಠ ಮಾಡಿದವರನ್ನೂ ಬಿಡಲಿಲ್ಲವಂತೆ. ಓದಲು ಸರ್ಕಾರದ ಸಾಲ ಪಡೆಯುವ ಹುಡುಗರಿಗೂ ಅಂಥದೇ ಪ್ರಮಾಣಪತ್ರ ಬಂತಂತೆ. ಹಾಗಾದರೆ ನಿಮ್ಮ ದುಡ್ಡೇ ಬೇಡ ಅಂತ ಕೆಲವು ಕಾಲೇಜುಗಳು ಹೇಳಿದವಂತೆ. ಸ್ವಾತಂತ್ರ್ಯದ ದೇಶ ಅಂತ ನಾವು ಅಂದುಕೊಂಡಿದ್ದ ಕಡೆ ಹೀಗೆ! ಮೇಷ್ಟ್ರುಗಳ ಸಭೆಗಳಲ್ಲಿ ದೊಡ್ಡ ಜಗಳ ಆಗುತ್ತಿತ್ತಂತೆ. ಸಹಿ ಹಾಕಿ ಒಳಗಿದ್ದುಕೊಂಡೇ ಹೋರಾಡೋಣ ಅಂತ ಒಂದು ಗುಂಪು, ಹಾಕಿದ ಮೇಲೆ ಹೋರಾಡಲು ಏನು ಉಳಿಯುತ್ತೆ ಅಂತ ಇನ್ನೊಂದು ಗುಂಪು.

ನನ್ನ ನಾಲಿಗೆ ಸುಮ್ಮನಿರಬೇಕಲ್ಲ! "ನೀವೇನು ಮಾಡಿದ್ರಿ ಸಾರ್?" ಅಂತ ಕೇಳಿಯೇಬಿಟ್ಟೆ.

ಅವರು ಕರವಸ್ತ್ರ ಮಡಚಿದರು. "ನಾನು ಸಹಿ ಹಾಕಿದೆ. ಪಕ್ಕದ ಕೋಣೆಯಲ್ಲಿದ್ದವರು ಹಾಕಲಿಲ್ಲ. ಅವರು ಹೋದ ಮೇಲೆ ಅವರ ಕೋಣೆಯನ್ನು ನನಗೆ ಕೊಟ್ಟರು. ಅದರ ಕಿಟಕಿ ದೊಡ್ಡದು," ಅಂದರು. ನನಗೆ ಅವರ ಮೇಲೆ ಕೋಪ ಬಂತು. ಇಷ್ಟೆಲ್ಲ ಹೇಳಿ ಕೊನೆಗೆ ಸಹಿ ಹಾಕಿದರಾ ಅಂತ. ಇಪ್ಪತ್ತೆರಡನೇ ವಯಸ್ಸಿನ ಕೋಪ, ಅದಕ್ಕೆ ಹೆಂಡತಿ ಮಕ್ಕಳು ಅಂದರೇನು ಗೊತ್ತು?

ಇದೇ ವಿಷಯದ ಮೇಲೆ ಅವರು ಒಂದು ಚರ್ಚಾಸ್ಪರ್ಧೆ ಇಡಿಸಿದರು. ಮೇಷ್ಟ್ರುಗಳಿಂದ ನಿಷ್ಠೆಯ ಪ್ರಮಾಣ ಕೇಳುವುದು ಸರಿಯೇ ತಪ್ಪೇ? ನಮ್ಮಲ್ಲಿ ಯಾರು ಯಾವ ಪಕ್ಷ ಅಂತ ಚೀಟಿ ಎತ್ತಿ ತೀರ್ಮಾನ ಮಾಡುವುದು ವಾಡಿಕೆ. ನನಗೆ ತಪ್ಪು ಅನ್ನುವ ಚೀಟಿ ಬಂತು. ಸರಿ ಅನ್ನುವ ಚೀಟಿ ಬಂದದ್ದು ನನ್ನ ಕ್ಲಾಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದ ಒಬ್ಬ ಹುಡುಗನಿಗೆ. ಅವರ ಮನೆ ತ್ಯಾಗರಾಜನಗರದ ಒಂದು ವಠಾರದಲ್ಲಿತ್ತು. ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ಆದರೂ ಎರಡು ವರ್ಷ ನೀವು ತಾವು ಅಂತಲೇ ಮಾತಾಡಿದ್ದು. ಆ ಕಾಲ ಹಾಗೆ.

ಆ ಹುಡುಗ ಚೆನ್ನಾಗಿಯೇ ವಾದಿಸಿದರು. "ಜನರ ದುಡ್ಡಿನಲ್ಲಿ ಸಂಬಳ ತೆಗೆದುಕೊಳ್ಳುವವರು ಜನರಿಗೆ ಒಂದು ಮಾತು ಕೊಡಲು ಯಾಕೆ ಹಿಂಜರಿಯಬೇಕು?" ಅಂದಾಗ ಹಾಲ್ ತುಂಬ ಚಪ್ಪಾಳೆ. ನನಗೆ ರೋಷ ಉಕ್ಕಿತು. ಎದ್ದು ಹೇಳಿದೆ: "ಸುಳ್ಳು ಹೇಳುವವನಿಗೆ ಪ್ರಮಾಣ ಕಷ್ಟವೇ ಅಲ್ಲ. ಸಹಿ ಹಾಕಿ ಊಟಕ್ಕೆ ಹೋಗುತ್ತಾನೆ. ಪೆನ್ನು ಹಿಡಿದು ಯೋಚಿಸುವವನು ನಿಜ ಹೇಳುವವನು. ಹಾಗಾದರೆ ನೀವು ಜರಡಿ ಹಿಡಿದು ಉಳಿಸಿಕೊಳ್ಳುತ್ತಿರುವುದು ಯಾರನ್ನ? ಮೇಷ್ಟ್ರು ಪಾಠ ಸರಿಯಾಗಿ ಹೇಳುತ್ತಾರಾ ಅಂತ ಕೇಳಿ. ತಲೆಯೊಳಗೆ ಏನಿದೆ ಅಂತ ಇಣುಕಬೇಡಿ." ನನಗೇ ಮೊದಲ ಬಹುಮಾನ ಬಂತು. ಮಾರನೇ ದಿನ ಪೇಪರಿನಲ್ಲಿ ಎರಡು ಸಾಲು ಸುದ್ದಿ ಕೂಡ. ಅಪ್ಪ ಆ ಪೇಪರನ್ನು ಕಪಾಟಿನಲ್ಲಿ ಹಾಸುವುದಕ್ಕೂ ಬಿಡಲಿಲ್ಲ, ಎಲ್ಲಿಗೆ ಸಾಗಹಾಕಿದರೋ ದೇವರೇ ಬಲ್ಲ.

ಬಸ್ಸಿನಲ್ಲಿ ಆ ಹುಡುಗ, "ನಾನು ಹೇಳಿದ್ದು ನಾನೇ ನಂಬಲಿಲ್ಲ ಕಣ್ರೀ. ಚೀಟಿ ಅದಲುಬದಲಾಗಿದ್ರೆ ನಿಮ್ಮ ಬಹುಮಾನ ನನಗೆ ಬರ್ತಿತ್ತು," ಅಂತ ನಕ್ಕರು. ನಿಜ, ಬರುತ್ತಿತ್ತು. ಈಗ ಅವರೂ ಅದೇ ಆಯ್ಕೆಯ ಪಟ್ಟಿಯಲ್ಲಿದ್ದರು, ನನಗಿಂತ ಮೇಲೆ. ಮನೆಯಲ್ಲಿ ವಿಧವೆ ತಾಯಿ, ಇಬ್ಬರು ತಂಗಿಯರು. ಆ ಆರ್ಡರ್ ನನಗಿಂತ ಅವರಿಗೆ ಹೆಚ್ಚು ಬೇಕಾಗಿತ್ತು.

ಒಂದು ಸಾಯಂಕಾಲ ನಾನು ಲೈಬ್ರರಿಯಿಂದ ಮನೆಗೆ ಬಂದರೆ ಪಕ್ಕದ ಮನೆ ಮಾಮಿ ನಮ್ಮ ನಡುಮನೆಯಲ್ಲಿ ಕೂತಿದ್ದಾರೆ, ಮುಖ ಇಷ್ಟಗಲ. ಮಾಮಿ ಗಂಡ ತೀರಿಕೊಂಡ ಮೇಲೆ ಬ್ಯಾಂಕಿನಲ್ಲಿದ್ದ ಮಗನ ಜೊತೆ ಇದ್ದರು. ಬೆಳಿಗ್ಗೆ ಬಾಯಿ ತೆರೆದರೆ ರಾತ್ರಿಗೆ ಮುಚ್ಚುತ್ತಿದ್ದರು. ಆದರೆ ನನ್ನ ಕಂಡರೆ ಪ್ರಾಣ.

"ಬಂದ್ಯಾ? ಬಾ ಬಾ. ಗಂಡಿನ ಕಡೆಯವರು ಬಂದಿದ್ರು ಕಣೇ ನಿನ್ನ ವಿಚಾರಿಸೋಕ್ಕೆ!" ಅಂದರು. ಅಮ್ಮನ ಮುಖದಲ್ಲೂ ದೀಪ ಹಚ್ಚಿದ ಹಾಗಿತ್ತು.

ಆಗೆಲ್ಲ ಅದೇ ಪದ್ಧತಿ. ಹೆಣ್ಣಿನ ಮನೆಗೆ ನೇರ ಬರುವ ಮುಂಚೆ ಗಂಡಿನ ಕಡೆಯ ಯಾರಾದರೂ ಹಿರಿಯರು ಸದ್ದಿಲ್ಲದೆ ಬಂದು ಅಕ್ಕಪಕ್ಕದವರಲ್ಲಿ ವಿಚಾರಿಸಿಕೊಂಡು ಹೋಗುವುದು. ಗುರುತಿಲ್ಲದವರೊಬ್ಬರು ಛತ್ರಿ ಹಿಡಿದು ಬಂದು, ಆ ಮನೆ ಹುಡುಗಿ ಹೇಗೆ ಅಂತ ಕೇಳಿದರೆ ಜಯನಗರದಲ್ಲಿ ಇನ್ನು ಯಾರು ಅಂದುಕೊಳ್ಳಬೇಕು? ಮಾಮಿ ಅವರನ್ನು ಕೂರಿಸಿ, ಕೋಡುಬಳೆ ಕೊಟ್ಟು, ಕಾಫಿ ಕೊಟ್ಟು ಉಪಚಾರ ಮಾಡಿದ್ದರು.

"ಏನ್ ಹೇಳಿದ್ರಿ ಮಾಮಿ?" ಅಂತ ಅಮ್ಮ ಕೇಳಿದಳು.

"ಇನ್ನೇನ್ ಹೇಳ್ತೀನಿ? ಬಾಯಿಲ್ಲದ ಮಗು ಅಂದೆ. ತಲೆ ಎತ್ತಿ ಮಾತಾಡಿದ್ದು ನಾನು ಕಂಡಿಲ್ಲ ಅಂದೆ. ಮೀಟಿಂಗು ಗೀಟಿಂಗಿಗೆ ಹೋಗ್ತಾಳಾ ಅಂದ್ರು, ಅಯ್ಯೋ ರಾಮ, ದೇವಸ್ಥಾನಕ್ಕೆ ಕರೆದ್ರೇ ನಾಚ್ಕೊತಾಳೆ ಅಂದೆ. ಪೇಪರ್ ಓದ್ತಾಳಾ ಅಂದ್ರು. ಪೇಪರ್ ಕಂಡ್ರೆ ಅವಳಿಗಾಗಲ್ಲ, ರವೆ ಉಂಡೆ ಬೇಕಾದ್ರೆ ಎಷ್ಟು ಚೆನ್ನಾಗಿ ಮಾಡ್ತಾಳೆ ಅಂತೀರಿ ಅಂದೆ. ಎಂ.ಎ. ಯಾಕೆ ಮಾಡಿದ್ಳು ಅಂದ್ರೆ ಸುಮ್ನೆ, ಮದುವೆ ಆಗೋ ತನಕ ಹೊತ್ತು ಹೋಗ್ಲಿ ಅಂತ ಅಂದೆ."

ನನಗೆ ರವೆ ಉಂಡೆ ಮಾಡಲು ಬರುತ್ತಲೇ ಇರಲಿಲ್ಲ. ಹಾಸನದ್ದು ಸಾಲದೆ ಇನ್ನೊಂದು ಗಂಡು ತಲೆಗೆ ಬಂತಲ್ಲಪ್ಪಾ ಅಂತ ನಾನು ಅಳುವ ಹಾಗಾದೆ. ಅಪ್ಪ ಮಾತ್ರ ಮೂಲೆಯಲ್ಲಿ ಕೂತು ಯೋಚನೆ ಮಾಡುತ್ತಿದ್ದರು.

"ನಕ್ಷತ್ರ ಕೇಳಿದ್ರಾ?" ಅಂದರು.

"ಇಲ್ವಲ್ಲ," ಅಂದರು ಮಾಮಿ.

"ಗೋತ್ರ?"

"ಅದೂ ಕೇಳಲಿಲ್ಲ. ಈ ಊರಿಗೆ ಬಂದು ಎಷ್ಟು ವರ್ಷ ಆಯ್ತು, ಮನೆಗೆ ಯಾರ್ ಯಾರು ಬರ್ತಾರೆ, ಟಪಾಲಿನಲ್ಲಿ ಏನೇನು ಪುಸ್ತಕ ಬರುತ್ತೆ ಅಂತ ಕೇಳಿದ್ರು."

ಅಪ್ಪನ ಮುಖ ಬಿಳಿಚಿಕೊಂಡಿತು. "ಅದು ಗಂಡಿನ ಕಡೆಯವರಲ್ಲ ಮಾಮಿ. ಸಿಐಡಿ," ಅಂದರು.

ಮಾಮಿ, "ಅಯ್ಯೋ ನನ್ನ ಕೋಡುಬಳೆ!" ಅಂದರು.

ಅಮ್ಮ ನಕ್ಕಳು. ಅಪ್ಪನೂ, ಗಂಡಾಂತರ ಕಳೆಯಿತು ಅನ್ನುವ ಹಾಗೆ ನಿಧಾನವಾಗಿ ನಕ್ಕರು. "ಇದಕ್ಕಿಂತ ಒಳ್ಳೆ ರಿಪೋರ್ಟ್ ಬೇಕಾ? ನಿನ್ನ ಕೆಲಸ ಆಯ್ತು ಅಂದ್ಕೊ," ಅಂದರು. ನನಗೆ ಮಾತ್ರ ನಗು ಬರಲಿಲ್ಲ. ಬಾಯಿಲ್ಲದವಳಂತೆ! ಪೇಪರ್ ಕಂಡರೆ ಆಗದವಳಂತೆ! ತಲೆಯೊಳಗೆ ಇಣುಕಬೇಡಿ ಅಂತ ತುಂಬಿದ ಸಭೆಯಲ್ಲಿ ನಿಂತು ಹೇಳಿದವಳು ನಾನು. ಇಣುಕಿ ನೋಡಿ, ಒಳಗೇನೂ ಇಲ್ಲ ಅಂತ ಬರೆದುಕೊಂಡು ಹೋದರಲ್ಲ. "ಆ ಮನುಷ್ಯ ಎಲ್ಲಿ ಸಿಗ್ತಾರೆ ಹೇಳಿ ಅಪ್ಪ, ನಾನೇ ಹೋಗಿ ಮಾತಾಡ್ತೀನಿ," ಅಂದೆ. "ಹುಚ್ಚು ಗಿಚ್ಚು ಹಿಡಿದಿದೆಯಾ?" ಅಂತ ಅಪ್ಪ ಎಂದೂ ಇಲ್ಲದ ಹಾಗೆ ಕೂಗಿದರು.

ಆಮೇಲೆ ಇದ್ದಕ್ಕಿದ್ದ ಹಾಗೆ ಆ ಹುಡುಗನ ನೆನಪಾಯಿತು. ಅವರ ಮನೆಗೂ ಬರುತ್ತಾರಲ್ಲ! ಮಾರನೇ ಬೆಳಿಗ್ಗೆ ಬಸ್ಸಿಗೂ ಕಾಯದೆ ತ್ಯಾಗರಾಜನಗರಕ್ಕೆ ನಡೆದುಕೊಂಡೇ ಹೋದೆ. ಒಂದು ಹುಡುಗಿ ಒಬ್ಬಳೇ ಹುಡುಗನೊಬ್ಬನನ್ನು ಹುಡುಕಿಕೊಂಡು ವಠಾರಕ್ಕೆ ಹೋಗುವುದು ಆಗ ಸಣ್ಣ ಮಾತಲ್ಲ. ನಲ್ಲಿ ಹತ್ತಿರ ಕೊಡ ಹಿಡಿದು ನಿಂತಿದ್ದ ಹೆಂಗಸರೆಲ್ಲ ನನ್ನನ್ನೇ ನೋಡಿದರು, ನೋಡಿ ಒಬ್ಬರನ್ನೊಬ್ಬರು ತಿವಿದರು. ಇವಳೂ ಅದೇ ಸಂಬಂಧದವಳಿರಬೇಕು ಅಂತ ಒಬ್ಬಾಕೆ ಅಂದದ್ದು ನನಗೆ ಕೇಳಿಸಿತು.

ತಡವಾಗಿತ್ತು. ಛತ್ರಿಯವರು ಹಿಂದಿನ ದಿನವೇ ಬಂದು ಹೋಗಿದ್ದರು. ಇಲ್ಲಿ ಅವರನ್ನು ಹೆಣ್ಣಿನ ಕಡೆಯವರು ಅಂದುಕೊಂಡಿದ್ದರು.

ಹುಡುಗಿಯನ್ನು ವಿಚಾರಿಸಿದರೆ ಬಾಯಿಲ್ಲ ಅನ್ನಬೇಕು. ಹುಡುಗನನ್ನು ವಿಚಾರಿಸಿದರೆ? ಅವನಷ್ಟು ದೊಡ್ಡವನಿಲ್ಲ ಅನ್ನಬೇಕು. ಅಪ್ಪನಿಲ್ಲದ ಹುಡುಗ, ಒಳ್ಳೆ ಕಡೆ ಸಂಬಂಧ ಕುದುರಲಿ, ತಂಗಿಯರಿಗೂ ದಾರಿಯಾಗಲಿ ಅಂತ ಇಡೀ ವಠಾರ ಟೊಂಕ ಕಟ್ಟಿ ನಿಂತುಬಿಟ್ಟಿತ್ತು. "ನಮ್ಮ ಹುಡುಗ ಭಾಷಣಕ್ಕೆ ನಿಂತ್ರೆ ಸಾವಿರ ಜನ ಸೇರ್ತಾರೆ ಸಾರ್," ಅಂತ ಒಬ್ಬರು. "ಇವನು ಒಂದು ಮಾತು ಹೇಳಿದ್ದಕ್ಕೆ ಕಾಲೇಜೇ ಸ್ಟ್ರೈಕ್ ಆಯ್ತು," ಅಂತ ಇನ್ನೊಬ್ಬರು. "ನಮ್ಮ ನಲ್ಲಿಗೆ ನೀರು ಬಂದಿದ್ದು ಯಾರಿಂದ? ಆಫೀಸಿನ ಮುಂದೆ ನಮ್ಮನ್ನೆಲ್ಲ ಕೂರಿಸಿದ್ದು ಇವನೇ," ಅಂತ ಹೆಂಗಸರು. "ರಷ್ಯಾದಿಂದ ಇವನಿಗೆ ಪುಸ್ತಕ ಬರುತ್ತೆ," ಅಂತ ತಾಯಿಯೇ ಹೆಮ್ಮೆಯಿಂದ ತಂದು ತೋರಿಸಿದ್ದರು. ಅದು ಬಣ್ಣದ ಚಿತ್ರಗಳ ಪತ್ರಿಕೆ, ಅಗ್ಗಕ್ಕೆ ಸಿಗುತ್ತೆ ಅಂತ ತಂಗಿಯರು ಪುಸ್ತಕಕ್ಕೆ ರಟ್ಟು ಹಾಕಲು ತರಿಸುತ್ತಿದ್ದದ್ದು. ಸ್ಟ್ರೈಕ್ ಆಗಿದ್ದು ಹಾಸ್ಟೆಲ್ಲಿನ ಸಾರಿನ ವಿಷಯಕ್ಕೆ. ಸಾವಿರ ಜನ ಶುದ್ಧ ಸುಳ್ಳು. ಚರ್ಚೆಯಲ್ಲಿ ಸರ್ಕಾರದ ಪರವಾಗಿ ನಿಂತವರು ಇವರು, ವಿರುದ್ಧ ಮಾತಾಡಿದವಳು ನಾನು. ಆದರೆ ಆ ಚರ್ಚೆ ಯಾರಿಗೂ ನೆನಪಾಗಲಿಲ್ಲ. ಮದುವೆ ಮಾರುಕಟ್ಟೆಯಲ್ಲಿ ಅದಕ್ಕೇನು ಬೆಲೆ?

ನಾನು ವಿಷಯ ಹೇಳಿದಾಗ ಅವರು ಮೊದಲು ಗಟ್ಟಿಯಾಗಿ ನಕ್ಕರು. ಆಮೇಲೆ ಒಳಗೆ ತಾಯಿ ಇದ್ದ ಕಡೆ ನೋಡಿ, "ಅಮ್ಮನಿಗೆ ಹೇಳಬೇಡಿ. ಅವಳು ತನ್ನ ಕೈಯಾರೆ ಹೀಗಾಯ್ತು ಅಂದ್ಕೊತಾಳೆ," ಅಂದರು.

ಆಷಾಢದಲ್ಲಿ ನನಗೆ ಆರ್ಡರ್ ಬಂತು. ಅವರಿಗೆ ಬರಲಿಲ್ಲ. ಇಬ್ಬರೂ ಶಿಕ್ಷಣ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಿದೆವು. ಅಲ್ಲಿದ್ದ ಗುಮಾಸ್ತರು ಫೈಲಿನಿಂದ ಕಣ್ಣೆತ್ತದೆ, "ಪರಿಶೀಲನೆಯಲ್ಲಿದೆ," ಅಂದರು. ಎಷ್ಟು ದಿನ ಅಂದರೆ ಅದೇ ಉತ್ತರ. ವರದಿಯಲ್ಲಿ ಏನಿದೆ ಅಂದರೆ, ಅದು ಗುಪ್ತ. ನನಗೆ ತಡೆಯಲಿಲ್ಲ.

"ಇವರ ಬಗ್ಗೆ ಬರೆದಿರೋದೆಲ್ಲ ಸುಳ್ಳು ಸಾರ್. ನನ್ನ ಬಗ್ಗೆ ಬರೆದಿರೋದೂ ಸುಳ್ಳೇ," ಅಂದೆ.

ಅವರು ಆಗ ಕಣ್ಣೆತ್ತಿದರು. "ಹಾಗಂತ ಬರೆದು ಕೊಡ್ತೀರಾ ಮೇಡಂ?" ಅಂತ ಒಂದು ಬಿಳಿ ಹಾಳೆ ಮುಂದೆ ತಳ್ಳಿದರು.

ಕೊಡ್ತೀನಿ ಅಂತ ಪೆನ್ನು ತೆಗೆದೆ. ಖಂಡಿತ ಬರೆಯುತ್ತಿದ್ದೆ, ಯಾಕೆಂದರೆ ನನಗೆ ಆಗ ಕಣ್ಣ ಮುಂದೆ ಏನೂ ಕಾಣುತ್ತಿರಲಿಲ್ಲ. ಆ ಹುಡುಗ ಹಾಳೆಯನ್ನು ನನ್ನ ಕೈಯಡಿಯಿಂದ ಎಳೆದು ಮಡಚಿ ಜೇಬಿಗೆ ಹಾಕಿಕೊಂಡರು. ಹೊರಗೆ ಬಂದ ಮೇಲೆ, "ನಿಮ್ಮದು ಹೋದ್ರೆ ನಂದು ಬರುತ್ತಾ? ಸುಮ್ನೆ ಹಾಸನಕ್ಕೆ ಹೋಗ್ತೀರಿ ಅಷ್ಟೇ," ಅಂದರು. ಅಷ್ಟು ಹೇಳಿ ಬಸ್ಸು ಹತ್ತಿಸಿದರು. ತಾವು ಹತ್ತಲಿಲ್ಲ, ನಡೆದುಕೊಂಡು ಬರ್ತೀನಿ ಅಂದರು. ಮುಂದೆ ಅವರು ಯಾರದೋ ಮನೆಯ ಕಾರ್ ಶೆಡ್ಡಿನಲ್ಲಿ ಟ್ಯುಟೋರಿಯಲ್ ಶುರು ಮಾಡಿದರು. ಎಸ್ಸೆಸ್ಸೆಲ್ಸಿ ಫೇಲಾದವರಿಗೆ ಪಾಠ. ತಂಗಿಯರ ಮದುವೆ ಅದರಲ್ಲೇ ಮಾಡಿದರು.

ಕಾಲೇಜಿಗೆ ಸೇರುವ ಹಿಂದಿನ ದಿನ ಅಮ್ಮ ಸಜ್ಜಿಗೆ ಮಾಡಿ, ಮಾಮಿಗೆ ಕೊಟ್ಟು ಬಾ ಅಂತ ಕಳಿಸಿದಳು. ನಾನು ಬಟ್ಟಲನ್ನು ಅವರ ಜಗಲಿಯ ಮೇಲೆ ಕುಕ್ಕಿದೆ.

"ಆವತ್ತು ಯಾಕೆ ಹಾಗೆ ಸುಳ್ಳು ಹೇಳಿದ್ರಿ ಮಾಮಿ? ನನಗೆ ಬಾಯಿಲ್ವಾ? ನಾನು ಪೇಪರ್ ಓದಲ್ವಾ? ನಿಮ್ಮನೆ ಪೇಪರ್ ದಿನಾ ಇಸ್ಕೊಂಡು ಹೋಗೋದು ಯಾರು?" ಅಂತ ಕೂಗಾಡಿದೆ. ತಿಂಗಳುಗಟ್ಟಲೆ ಒಳಗೇ ಕುದಿಯುತ್ತಿದ್ದದ್ದೆಲ್ಲ ಆ ಪಾಪದ ಹೆಂಗಸಿನ ಮೇಲೆ ಉಕ್ಕಿತು.

ಮಾಮಿ ಬೇಜಾರು ಮಾಡಿಕೊಳ್ಳಲಿಲ್ಲ. ನನ್ನ ಕೈ ಹಿಡಿದು ಜಗಲಿ ಮೇಲೆ ಕೂರಿಸಿಕೊಂಡರು.

"ನೀನು ಎಂಥಾ ಬಾಯಿಬಡುಕಿ ಅಂತ ನನಗೆ ಗೊತ್ತಿಲ್ವೇನೇ? ಹೆಣ್ಣುಮಕ್ಕಳ ಬಗ್ಗೆ ಇನ್ನೇನ್ ಹೇಳ್ಬೇಕು ಅಂತ ನನಗೆ ಗೊತ್ತಿಲ್ಲ. ನನ್ನನ್ನ ವಿಚಾರಿಸೋಕ್ಕೆ ಬಂದಾಗ ನಮ್ಮೂರಲ್ಲೂ ಇದನ್ನೇ ಹೇಳಿದ್ರು, ಬಾಯಿಲ್ಲದ ಮಗು ಅಂತ. ನನ್ನನ್ನ! ಇಡೀ ಅಗ್ರಹಾರ ನನ್ನ ಗಲಾಟೆಗೆ ಕಿವಿ ಮುಚ್ಕೊತಿತ್ತು," ಅಂತ ನಕ್ಕರು. ನಗು ಬೇಗ ನಿಂತಿತು. "ಅವರು ಅದನ್ನ ನಂಬಿಕೊಂಡೇ ಕರ್ಕೊಂಡು ಹೋದ್ರು ಕಣೇ. ಹೋದ ಮೇಲೆ ಏನ್ ಮಾಡೋದು? ಹೇಳಿದ ಹಾಗೇ ಇರಬೇಕಾಯ್ತು. ಇವರು ಹೋಗೋ ತನಕ ಇದ್ದೆ."

ನಾನು ಬಟ್ಟಲನ್ನು ಅವರ ಕಡೆ ಸರಿಸಿದೆ. ಮಾಮಿ ಸಜ್ಜಿಗೆ ಬಾಯಿಗೆ ಹಾಕಿಕೊಂಡು, ಸಕ್ಕರೆ ಕಮ್ಮಿ ಅಂದರು.

ಮಾರನೇ ದಿನ ನನ್ನ ಮೊದಲ ಕ್ಲಾಸು. ಎರಡು ವರ್ಷ ಪ್ರೊಬೇಷನ್, ನಾಲಿಗೆ ಹಿಡಿತದಲ್ಲಿರಲಿ ಅಂತ ಅಪ್ಪ ಬಸ್‌ಸ್ಟಾಪಿನ ತನಕ ಬಂದು ಹೇಳಿದ್ದರು. ಪಾಠ ಮೂಲಭೂತ ಹಕ್ಕುಗಳದು. ಪುಸ್ತಕದಲ್ಲಿದ್ದದ್ದನ್ನು ಒಂದೊಂದಾಗಿ ಬೋರ್ಡಿನ ಮೇಲೆ ಬರೆದೆ. ಹುಡುಗಿಯರು ತಲೆ ಬಗ್ಗಿಸಿ ಬರೆದುಕೊಂಡರು. ವರಾಂಡದಲ್ಲಿ ಪ್ರಿನ್ಸಿಪಾಲರು ಅತ್ತಿಂದಿತ್ತ ಓಡಾಡುತ್ತ, ಹೊಸಬಳ ಪಾಠ ಹೇಗಿದೆ ಅಂತ ಕಿವಿ ಕೊಡುತ್ತಿದ್ದರು. ಹಿಂದಿನ ಬೆಂಚಿನ ಒಬ್ಬಳು ಎದ್ದು ನಿಂತಳು.

"ಮಿಸ್, ಮಾತಾಡೋ ಹಕ್ಕು ಎಲ್ಲರಿಗೂ ಇದೆ ಅಂತ ಬರೆದಿದೀರಿ. ನಿಜವಾಗ್ಲೂ ಇದೆಯಾ? ನೀವೇನಂತೀರಿ?"

ವರಾಂಡದ ಬೂಟಿನ ಸದ್ದು ಬಾಗಿಲ ಹತ್ತಿರ ನಿಂತಿತು. ನಾನು ಚಾಕ್‌ಪೀಸ್ ಕೆಳಗಿಟ್ಟು, ಕೈ ಒರೆಸಿಕೊಂಡೆ.

"ನನ್ನ ಜೊತೆ ಈ ಕೆಲಸಕ್ಕೆ ಇನ್ನೊಬ್ಬರು ಆಯ್ಕೆಯಾಗಿದ್ದರು. ನನಗಿಂತ ಚೆನ್ನಾಗಿ ಪಾಠ ಹೇಳುವವರು. ಅವರು ಇವತ್ತು ಇಲ್ಲಿ ಯಾಕಿಲ್ಲ ಅಂತ ಹೇಳ್ತೀನಿ, ಪೆನ್ನು ಕೆಳಗಿಟ್ಟು ಕೇಳಿ," ಅಂದೆ.